ಡ್ರಾಕುಲಾನನ್ನು ಬರೆದ ಗುಮಾಸ್ತ

1913ರ ಜುಲೈ 7ರಂದು ಲಂಡನ್ನಿನ ಸೋದಬಿ ಹರಾಜು ಮಳಿಗೆಯಲ್ಲಿ, ಹಿಂದಿನ ವರ್ಷ ತೀರಿಕೊಂಡಿದ್ದ ಲೇಖಕನೊಬ್ಬನ ಪುಸ್ತಕಗಳೂ ಕಾಗದಪತ್ರಗಳೂ ಹರಾಜಿಗೆ ಬಂದವು. ಕಾದಂಬರಿಯೊಂದಕ್ಕಾಗಿ ಆತ ವರ್ಷಗಟ್ಟಲೆ ಮಾಡಿಕೊಂಡಿದ್ದ ಟಿಪ್ಪಣಿಗಳ ಕಟ್ಟೂ ಅವುಗಳಲ್ಲಿತ್ತು. ಅದು ಮಾರಾಟವಾದದ್ದು ಕೇವಲ ಎರಡು ಪೌಂಡ್ ಎರಡು ಷಿಲಿಂಗಿಗೆ. ಲೇಖಕನ ಹೆಸರು ಬ್ರಾಮ್ ಸ್ಟೋಕರ್. ಕಾದಂಬರಿಯ ಹೆಸರು 'ಡ್ರಾಕುಲಾ'.

ಅದಾದ ಎಪ್ಪತ್ತು ವರ್ಷಗಳ ಬಳಿಕ, 1983ರಲ್ಲಿ, ಅಮೆರಿಕದ ಟಿಎಸ್ಆರ್ ಸಂಸ್ಥೆ 'ರೇವನ್‌ಲಾಫ್ಟ್' ಎಂಬ 32 ಪುಟಗಳ ತೆಳು ಪುಸ್ತಿಕೆಯನ್ನು ಹೊರತಂದಿತು. ಅದು ಕಥೆಯ ಪುಸ್ತಕವಲ್ಲ, ಆಟದ ಪುಸ್ತಕ. ನಾಲ್ಕಾರು ಗೆಳೆಯರು ಮೇಜಿನ ಸುತ್ತ ಕುಳಿತು, ತಲಾ ಒಂದೊಂದು ಪಾತ್ರವನ್ನು ವಹಿಸಿಕೊಂಡು, ದಾಳ ಉರುಳಿಸುತ್ತಾ ಬಾಯಿಮಾತಿನಲ್ಲೇ ಕಥೆ ಕಟ್ಟುವ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟಕ್ಕೆ ಅದೊಂದು ಹೊಸ ಸಾಹಸಕಥನ. ಮಂಜು ಮುಸುಕಿದ ಕಣಿವೆ, ಕಡಿದಾದ ಬಂಡೆಯ ಮೇಲೊಂದು ಕೋಟೆ, ಕೋಟೆಯೊಳಗೆ ರಕ್ತಪಿಶಾಚಿಯಾದ ಒಬ್ಬ ಕೌಂಟ್. ಮುಂದೆ ಈ ಪುಸ್ತಿಕೆಯೇ ಬೆಳೆದು, ಮೇಜಿನ ಆಟಗಳ ಜಗತ್ತಿನಲ್ಲಿ ಗೋಥಿಕ್ ಭಯಾನಕಕ್ಕೆ ಮತ್ತೊಂದು ಹೆಸರೇ ಆಯಿತು.

ಈ ಆಟದ ತೆರೆಮರೆಯ ಕಥೆಯನ್ನು ಕೆದಕುತ್ತಾ ಹೋದವರು ಕೊನೆಗೆ ಬಂದು ನಿಲ್ಲುವುದು ಸ್ಟೋಕರನ ಬಳಿಯೇ. ಸ್ವಾರಸ್ಯವೆಂದರೆ ಸ್ಟೋಕರನ ಬದುಕೂ ಅಕ್ಷರಶಃ ತೆರೆಮರೆಯದೇ. ಇಪ್ಪತ್ತೇಳು ವರ್ಷ ಕಾಲ ಆತ ಒಂದು ರಂಗಮಂದಿರದ ತೆರೆಯ ಹಿಂದೆ ನಿಂತು, ಮತ್ತೊಬ್ಬನ ಕೀರ್ತಿಗಾಗಿ ಲೆಕ್ಕ ಬರೆದ, ಕಾಗದ ಬರೆದ, ಟಿಕೆಟ್ಟು ಮಾರಿಸಿದ. ಉಳಿದ ಹೊತ್ತಿನಲ್ಲಿ ಬರೆದದ್ದು ಇಂದಿಗೂ ಉಳಿದಿದೆ.

ತಾಯಿ ಹೇಳಿದ ಕಥೆಗಳು

ಆಬ್ರಹಾಂ ಸ್ಟೋಕರ್, ಮುಂದೆ ಬ್ರಾಮ್ ಎಂದೇ ಪ್ರಸಿದ್ಧನಾದವನು, ಜನಿಸಿದ್ದು 1847ರ ನವೆಂಬರ್ 8ರಂದು, ಐರ್ಲೆಂಡಿನ ಡಬ್ಲಿನ್ ನಗರದ ಅಂಚಿನಲ್ಲಿರುವ ಕ್ಲಾಂಟಾರ್ಫ್‌ನಲ್ಲಿ. ಆಲೂಗೆಡ್ಡೆ ಬೆಳೆಗೆ ರೋಗ ತಗುಲಿ ಐರ್ಲೆಂಡಿನ ಜನ ಹಸಿವಿನಿಂದ ಸಾಯುತ್ತಿದ್ದ ಮಹಾಕ್ಷಾಮದ ಕಾಲವದು. ತಂದೆಯ ಹೆಸರೂ ಆಬ್ರಹಾಂ. ಬ್ರಿಟಿಷ್ ಆಡಳಿತದ ಕೇಂದ್ರವಾಗಿದ್ದ ಡಬ್ಲಿನ್ ಕ್ಯಾಸಲ್‌ನಲ್ಲಿ ಆತ ಸರ್ಕಾರಿ ನೌಕರ. ತಾಯಿ ಷಾರ್ಲಟ್ ಐರ್ಲೆಂಡಿನ ಪಶ್ಚಿಮ ಭಾಗದ ಸ್ಲೈಗೋ ಪಟ್ಟಣದವಳು. ಏಳು ಮಕ್ಕಳಲ್ಲಿ ಬ್ರಾಮ್ ಮೂರನೆಯವನು.

ಹುಟ್ಟಿದಂದಿನಿಂದಲೂ ಈ ಮಗುವನ್ನು ಅದಾವುದೋ ಕಾಯಿಲೆ ಕಾಡಿತು. ಸುಮಾರು ಏಳು ವರ್ಷದವರೆಗೆ ಆತ ಎದ್ದು ನಡೆದಾಡಲಿಲ್ಲ. ಆ ವ್ಯಾಧಿ ಏನೆಂಬುದು ಇಂದಿಗೂ ಬಗೆಹರಿದಿಲ್ಲ. ಹಾಸಿಗೆ ಹಿಡಿದ ಮಗನ ಬಳಿ ಕುಳಿತು ತಾಯಿ ಕಥೆ ಹೇಳುತ್ತಿದ್ದಳು. ಅವು ರಾಜಕುಮಾರಿಯರ ಕಥೆಗಳಾಗಿರಲಿಲ್ಲ. 1832ರಲ್ಲಿ ಸ್ಲೈಗೋ ಪಟ್ಟಣಕ್ಕೆ ಕಾಲರಾ ಬಡಿದಾಗ ಷಾರ್ಲಟ್ ಹದಿಹರೆಯದ ಹುಡುಗಿ. ಬೀದಿ ಬೀದಿಯಲ್ಲಿ ಹೆಣ ಬಿದ್ದದ್ದನ್ನು ಆಕೆ ಕಣ್ಣಾರೆ ಕಂಡವಳು. ಇನ್ನೂ ಉಸಿರಾಡುತ್ತಿದ್ದ ರೋಗಿಗಳನ್ನೇ ಜನ ಭೀತಿಯಿಂದ ಗುಂಡಿಗೆ ತಳ್ಳಿದ ಕಥೆಗಳನ್ನು ಕೇಳಿದವಳು. ಆಜಾನುಬಾಹು ಸಾರ್ಜೆಂಟನೊಬ್ಬ ಸತ್ತನೆಂದು ಭಾವಿಸಿ ಶವಪೆಟ್ಟಿಗೆ ತಂದರಂತೆ. ದೇಹ ಪೆಟ್ಟಿಗೆಗೆ ಹಿಡಿಸದಿದ್ದಾಗ ಕಾಲು ಮುರಿಯಲೆಂದು ಸುತ್ತಿಗೆ ಎತ್ತಿದರಂತೆ. ಮೊದಲ ಏಟಿಗೇ ಸತ್ತವನು ಎದ್ದು ಕುಳಿತನಂತೆ. ಮಗ ದೊಡ್ಡವನಾದ ಮೇಲೆ ಆತನ ಕೋರಿಕೆಯಂತೆ ಷಾರ್ಲಟ್ ಈ ನೆನಪುಗಳನ್ನೆಲ್ಲ ಬರೆದೂ ಕೊಟ್ಟಳು.

ಸತ್ತವರೆಂದುಕೊಂಡವರು ಸತ್ತಿರುವುದಿಲ್ಲ, ಬದುಕಿರುವವರನ್ನು ಹೂಳುವವರೂ ಇರುತ್ತಾರೆ. ಮುಂದೆ ಸ್ಟೋಕರನ ಕಾದಂಬರಿಯ ತಿರುಳಾದ ಈ ಭೀತಿಗೆ ಟ್ರಾನ್ಸಿಲ್ವೇನಿಯಾದ ಮಣ್ಣು ಬೇಕಿರಲಿಲ್ಲ, ತವರಿನ ಕಥೆಯೇ ಸಾಕಾಗಿತ್ತು.

ಏಳರ ಹರೆಯದಲ್ಲಿ ಚೇತರಿಸಿಕೊಂಡ ಬಾಲಕ ಮುಂದೆ ಭೀಮಕಾಯನಾಗಿ ಬೆಳೆದ. 1864ರಲ್ಲಿ ಡಬ್ಲಿನ್ನಿನ ಟ್ರಿನಿಟಿ ಕಾಲೇಜು ಸೇರಿ ಕ್ರೀಡಾಪಟುವಾಗಿ ಹೆಸರು ಮಾಡಿದ. ಅಲ್ಲಿನ ತತ್ತ್ವಶಾಸ್ತ್ರ ಸಂಘಕ್ಕೆ ಅಧ್ಯಕ್ಷನಾದ, ಇತಿಹಾಸ ಸಂಘಕ್ಕೂ ಮುಖ್ಯಸ್ಥನಾದ. ಪದವಿ ಪಡೆದ ಬಳಿಕ ತಂದೆಯ ಹಾದಿಯನ್ನೇ ಹಿಡಿದು ಡಬ್ಲಿನ್ ಕ್ಯಾಸಲ್‌ನಲ್ಲಿ ನೌಕರಿಗೆ ಕುಳಿತ. ಕಥೆಗಳನ್ನು ಆಗಲೇ ಪ್ರಕಟಿಸತೊಡಗಿದ್ದನಾದರೂ ಪುಸ್ತಕ ರೂಪದಲ್ಲಿ ಬಂದ ಆತನ ಮೊದಲ ಕೃತಿ, 1879ರಲ್ಲಿ ಅಚ್ಚಾದದ್ದು, ಐರ್ಲೆಂಡಿನ ಕೆಳಹಂತದ ನ್ಯಾಯಾಲಯಗಳ ಗುಮಾಸ್ತರ ಕರ್ತವ್ಯಗಳನ್ನು ಕುರಿತ ಕೈಪಿಡಿ. ಡ್ರಾಕುಲಾನ ಸೃಷ್ಟಿಕರ್ತ ಕಚೇರಿ ನಿಯಮಗಳ ಪುಸ್ತಕದಿಂದ ಆರಂಭಿಸಿದನೆಂದರೆ ನಗು ಬರಬಹುದು. ಆದರೆ ಕಾಗದಗಳನ್ನು ಒಪ್ಪವಾಗಿ ಜೋಡಿಸುವ, ದಿನಾಂಕ ತಪ್ಪದಂತೆ ನೋಡಿಕೊಳ್ಳುವ ಆ ಗುಮಾಸ್ತಿಕೆಯೇ ಮುಂದೆ ಆತನ ಕಾದಂಬರಿಯ ಬೆನ್ನೆಲುಬಾಯಿತು.

ಒಂದು ವಿಮರ್ಶೆ, ಒಂದು ಭೋಜನ

ಹಗಲು ನೌಕರಿ, ಸಂಜೆ ನಾಟಕ. ಡಬ್ಲಿನ್ನಿನ ಪತ್ರಿಕೆಗಳಲ್ಲಿ ನಾಟಕ ವಿಮರ್ಶೆಗಳು ಸರಿಯಾಗಿ ಬರುತ್ತಿಲ್ಲವೆಂದು ಬೇಸರಗೊಂಡ ಸ್ಟೋಕರ್, ಸಂಬಳವಿಲ್ಲದೆಯೇ 'ಡಬ್ಲಿನ್ ಈವನಿಂಗ್ ಮೇಲ್' ಪತ್ರಿಕೆಗೆ ವಿಮರ್ಶೆ ಬರೆಯತೊಡಗಿದ. ಆ ಪತ್ರಿಕೆಯ ಪಾಲುದಾರರಲ್ಲಿ ಒಬ್ಬ ಶೆರಿಡನ್ ಲೆ ಫಾನು. ಹೆಣ್ಣು ರಕ್ತಪಿಶಾಚಿಯ ಕಥೆಯಾದ 'ಕಾರ್ಮಿಲಾ' 1872ರಲ್ಲಿ ಪ್ರಕಟವಾದದ್ದು ಆತನ ಲೇಖನಿಯಿಂದಲೇ. ಅದೇ ವರ್ಷ ಸ್ಟೋಕರ್, ಅಮೆರಿಕದ ಕವಿ ವಾಲ್ಟ್ ವಿಟ್ಮನ್‌ಗೆ ಮನಬಿಚ್ಚಿ ಒಂದು ದೀರ್ಘ ಪತ್ರ ಬರೆದ. ಆದರೆ ಕಳುಹಿಸುವ ಧೈರ್ಯ ಸಾಲದೆ ನಾಲ್ಕು ವರ್ಷ ಮೇಜಿನೊಳಗೇ ಇಟ್ಟುಕೊಂಡಿದ್ದ. 1876ರಲ್ಲಿ ಕಡೆಗೂ ಅಂಚೆಗೆ ಹಾಕಿದಾಗ ಕವಿಯಿಂದ ಆತ್ಮೀಯ ಉತ್ತರವೇ ಬಂತು. ತನಗಿಂತ ದೊಡ್ಡವನೆಂದು ಕಂಡವನಿಗೆ ಮನಸ್ಸನ್ನು ಪೂರ್ತಿಯಾಗಿ ಒಪ್ಪಿಸಿಬಿಡುವ ಸ್ವಭಾವ ಸ್ಟೋಕರನದಾಗಿತ್ತು. ಆತನ ಬದುಕನ್ನು ತಿರುಗಿಸಿದ್ದೂ ಇದೇ ಸ್ವಭಾವ.

ಅದೇ 1876ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಪ್ರಸಿದ್ಧ ನಟ ಹೆನ್ರಿ ಇರ್ವಿಂಗ್ ಡಬ್ಲಿನ್ನಿಗೆ ಬಂದು ಹ್ಯಾಮ್ಲೆಟ್ ಪಾತ್ರ ಮಾಡಿದ. ಸ್ಟೋಕರನ ವಿಮರ್ಶೆಯನ್ನು ಮೆಚ್ಚಿ ಆತನನ್ನು ಊಟಕ್ಕೆ ಕರೆದ. ಊಟದ ನಂತರ ಇರ್ವಿಂಗ್, ಕೊಲೆಗಾರನೊಬ್ಬನ ಪಾಪಪ್ರಜ್ಞೆಯನ್ನು ಕುರಿತ ಥಾಮಸ್ ಹುಡ್‌ನ ಕಥನಕವನವನ್ನು ಅಭಿನಯಪೂರ್ವಕವಾಗಿ ವಾಚಿಸಿದ. ಮುಗಿಯುವ ಹೊತ್ತಿಗೆ ವಾಚಿಸಿದವನು ನಿತ್ರಾಣನಾಗಿ ಕುಸಿದಿದ್ದ, ಕೇಳುತ್ತಿದ್ದ ಸ್ಟೋಕರ್ ಉನ್ಮಾದಕ್ಕೆ ಒಳಗಾಗಿ ಮೈಮರೆತಿದ್ದ. ಅಂದು ಹುಟ್ಟಿದ ಸ್ನೇಹ ಇರ್ವಿಂಗನ ಮರಣದವರೆಗೂ ನಡೆಯಿತು.

1878ರಲ್ಲಿ ಇರ್ವಿಂಗ್ ಲಂಡನ್ನಿನ ಲೈಸಿಯಂ ರಂಗಮಂದಿರವನ್ನು ವಹಿಸಿಕೊಂಡು, ಅದರ ವ್ಯವಸ್ಥಾಪಕನಾಗಲು ಸ್ಟೋಕರನನ್ನು ಕರೆದ. ಸ್ಟೋಕರ್ ಹಿಂದುಮುಂದು ನೋಡದೆ ಸರ್ಕಾರಿ ನೌಕರಿಯನ್ನು ಬಿಟ್ಟ. ಅದೇ ಡಿಸೆಂಬರ್ 4ರಂದು ಫ್ಲಾರೆನ್ಸ್ ಬಾಲ್‌ಕೂಂಬ್ ಎಂಬ ಸುಂದರಿಯನ್ನು ಮದುವೆಯಾದ. ಆಕೆಯನ್ನು ಅದಕ್ಕೆ ಮೊದಲು ಒಲಿಸಿಕೊಳ್ಳಲೆತ್ನಿಸಿದ್ದವನು ಆಸ್ಕರ್ ವೈಲ್ಡ್. ಮದುವೆಯಾಗಿ ತಿಂಗಳು ತುಂಬುವ ಮೊದಲೇ, ಡಿಸೆಂಬರ್ 30ರಂದು, ಲೈಸಿಯಂನಲ್ಲಿ 'ಹ್ಯಾಮ್ಲೆಟ್' ಪ್ರದರ್ಶನ ಆರಂಭವಾಯಿತು. ಮರುವರ್ಷ ಹುಟ್ಟಿದ ಒಬ್ಬನೇ ಮಗನಿಗೆ ಸ್ಟೋಕರ್ ಇಟ್ಟ ಮೊದಲ ಹೆಸರು ಇರ್ವಿಂಗ್. ಮಗ ಮಾತ್ರ ದೊಡ್ಡವನಾದ ಮೇಲೆ ಆ ಹೆಸರನ್ನು ಬಳಸದೆ ನೋಯೆಲ್ ಎಂದೇ ಕರೆಸಿಕೊಂಡ.

ಐದು ಲಕ್ಷ ಪತ್ರಗಳು

ಲೈಸಿಯಂನಲ್ಲಿ ಸ್ಟೋಕರ್ ಮಾಡದ ಕೆಲಸವಿರಲಿಲ್ಲ. ಪ್ರದರ್ಶನದ ರಾತ್ರಿಗಳಲ್ಲಿ ಬಾಗಿಲಲ್ಲಿ ನಿಂತು ಗಣ್ಯರನ್ನು ಸ್ವಾಗತಿಸುವುದು, ಹಣಕಾಸು ನೋಡಿಕೊಳ್ಳುವುದು, ನೂರಾರು ಜನರ ತಂಡವನ್ನೂ ರಂಗಸಜ್ಜಿಕೆಯನ್ನೂ ಹಡಗಿಗೆ ಹತ್ತಿಸಿ ಅಮೆರಿಕ ಪ್ರವಾಸ ಮಾಡಿಸುವುದು, ಇರ್ವಿಂಗನ ಹೆಸರಿನಲ್ಲಿ ಬಂದ ಕಾಗದಗಳಿಗೆ ಉತ್ತರಿಸುವುದು. ತನ್ನ ಜೀವಮಾನದಲ್ಲಿ ಇರ್ವಿಂಗನಿಗಾಗಿ ಸುಮಾರು ಐದು ಲಕ್ಷ ಪತ್ರಗಳನ್ನು ಬರೆದಿರಬಹುದೆಂದು ಸ್ಟೋಕರ್ ತಾನೇ ಮುಂದೆ ಲೆಕ್ಕ ಹಾಕಿದ. 1884ರ ಮಾರ್ಚಿನಲ್ಲಿ, ಮೊದಲ ಅಮೆರಿಕ ಪ್ರವಾಸದ ವೇಳೆ, ತಾನು ಆರಾಧಿಸುತ್ತಿದ್ದ ವಿಟ್ಮನ್‌ನನ್ನು ಮುಖತಃ ಕಂಡು ಮಾತನಾಡಿಸಿದ.

ಆತ ಕೇವಲ ಕಚೇರಿಯ ಮನುಷ್ಯನಾಗಿರಲಿಲ್ಲ. 1882ರಲ್ಲಿ ಥೇಮ್ಸ್ ನದಿಯಲ್ಲಿ ಉಗಿದೋಣಿಯೊಂದರಲ್ಲಿ ಹೋಗುತ್ತಿದ್ದಾಗ ವೃದ್ಧನೊಬ್ಬ ನೀರಿಗೆ ಹಾರಿದ. ಸ್ಟೋಕರ್ ಕೋಟು ಕಳಚಿ ಹಿಂದೆಯೇ ಧುಮುಕಿದ. ಮೇಲೆತ್ತಿದವನನ್ನು ಹೊತ್ತು ಮನೆಗೆ ತಂದು ಊಟದ ಮೇಜಿನ ಮೇಲೆ ಮಲಗಿಸಿ ಉಪಚರಿಸಿದರೂ ಜೀವ ಉಳಿಯಲಿಲ್ಲ. ಈ ಸಾಹಸಕ್ಕಾಗಿ ರಾಯಲ್ ಹ್ಯೂಮೇನ್ ಸೊಸೈಟಿಯು ಆತನಿಗೆ ಕಂಚಿನ ಪದಕ ನೀಡಿತು.

ಲೈಸಿಯಂ ರಂಗಮಂಚವೇ ಸ್ಟೋಕರನಿಗೆ ಭಯಾನಕದ ಪಾಠಶಾಲೆಯಾಯಿತು. 1885ರ 'ಫೌಸ್ಟ್' ಪ್ರದರ್ಶನದಲ್ಲಿ ಇರ್ವಿಂಗ್ ಸೈತಾನನ ದೂತ ಮೆಫಿಸ್ಟೋಫಿಲಿಸ್‌ನಾಗಿ ಕಾಣಿಸಿಕೊಂಡ. ಕತ್ತಿಕಾಳಗದ ದೃಶ್ಯದಲ್ಲಿ ಕತ್ತಿಗಳು ತಗುಲಿದೊಡನೆ ನಿಜವಾದ ವಿದ್ಯುತ್ ಕಿಡಿಗಳು ಹಾರುವಂತೆ ವ್ಯವಸ್ಥೆಯಾಗಿತ್ತು. ಎತ್ತರದ ನಿಲುವು, ಗಂಭೀರ ನಡೆ, ಮೋಡಿಮಾಡುವ ಕಣ್ಣು, ಸುತ್ತಲಿನವರ ಶಕ್ತಿಯನ್ನೆಲ್ಲ ತನ್ನೆಡೆಗೆ ಎಳೆದುಕೊಳ್ಳುವ ವ್ಯಕ್ತಿತ್ವ, ಇವನ್ನೆಲ್ಲ ಕಂಡ ಹಲವು ವಿಮರ್ಶಕರು ಡ್ರಾಕುಲಾನ ಮೂಲ ಇರ್ವಿಂಗನೇ ಎನ್ನುತ್ತಾರೆ. ಪೂರ್ತಿ ಒಪ್ಪುವುದು ಕಷ್ಟ. ಸ್ಟೋಕರ್ ಎಲ್ಲಿಯೂ ಹಾಗೆ ಬರೆದಿಲ್ಲ, ಇರ್ವಿಂಗನ ಮೇಲಿನ ಭಕ್ತಿಯನ್ನು ಕೊನೆಯವರೆಗೂ ಬಿಟ್ಟುಕೊಡಲಿಲ್ಲ.

ನಮ್ಮ ನಾಡಿನ ಓದುಗರಿಗೆ ಹತ್ತಿರವಾದ ಮತ್ತೊಬ್ಬನೂ ಸ್ಟೋಕರನ ಪರಿಚಿತರ ಸಾಲಿನಲ್ಲಿದ್ದ. ಆತ ಸಾಹಸಿ ಪ್ರವಾಸಿ ರಿಚರ್ಡ್ ಬರ್ಟನ್. ಚಂದಮಾಮದ ಪುಟಗಳಲ್ಲಿ ನಾವೆಲ್ಲ ಓದಿ ಬೆಳೆದ ವಿಕ್ರಮ ಮತ್ತು ಬೇತಾಳನ ಕಥೆಗಳಲ್ಲಿ ಕೆಲವನ್ನು 1870ರಲ್ಲೇ ಇಂಗ್ಲಿಷಿಗೆ ತಂದವನು. ಇಂಗ್ಲಿಷ್ ಓದುಗರಿಗೆ ತಿಳಿಯಲೆಂದು ಆತ ಬೇತಾಳನಿಗೆ ರಕ್ತಪಿಶಾಚಿಯೆಂಬ ಹೆಸರನ್ನೇ ಕೊಟ್ಟ. ಮರದಲ್ಲಿ ನೇತಾಡುತ್ತಾ ಕಥೆ ಹೇಳಿ ರಾಜನ ವಿವೇಕವನ್ನು ಪರೀಕ್ಷಿಸುವ ನಮ್ಮ ಬೇತಾಳನಿಗೂ ನೆತ್ತರು ಕುಡಿಯುವ ಕೌಂಟನಿಗೂ ಸ್ವಭಾವದಲ್ಲಿ ಹೋಲಿಕೆ ಕಡಿಮೆ. ಆದರೆ ಬರ್ಟನ್ ಮಾತನಾಡುವಾಗ ಮೇಲ್ದುಟಿ ಸರಿದು ಕೋರೆಹಲ್ಲು ಹೊಳೆಯುತ್ತಿದ್ದುದನ್ನು ಸ್ಟೋಕರ್ ಗಮನಿಸಿ ತನ್ನ ನೆನಪಿನ ಪುಸ್ತಕದಲ್ಲಿ ದಾಖಲಿಸಿದ್ದಾನೆ. ಆ ಹಲ್ಲು ಕಾದಂಬರಿಗೆ ಬಂತೇ ಎಂಬುದನ್ನು ಓದುಗರ ಊಹೆಗೇ ಬಿಡಬೇಕು.

ಕೌಂಟ್ ವ್ಯಾಂಪೈರ್ ಹೋಗಿ ಡ್ರಾಕುಲಾ ಬಂದ

ಡ್ರಾಕುಲಾ ಕುರಿತ ಮೊದಲ ಟಿಪ್ಪಣಿಯ ದಿನಾಂಕ 1890ರ ಮಾರ್ಚ್ 8. ಯುವಕನೊಬ್ಬ ಒಂಟಿಯಾಗಿರುವಾಗ ತರುಣಿಯೊಬ್ಬಳು ತುಟಿಗೆ ಬದಲಾಗಿ ಕೊರಳಿಗೆ ಮುತ್ತಿಡಲು ಬಾಗುತ್ತಾಳೆ, ಅಷ್ಟರಲ್ಲಿ ಮುದುಕ ಕೌಂಟ್ ಅಡ್ಡ ಬಂದು ಆ ಯುವಕ ತನಗೆ ಸೇರಿದವನೆಂದು ಗುಡುಗುತ್ತಾನೆ. ಕಾದಂಬರಿಯ ಬೀಜ ಇಷ್ಟೇ. ಆಗಿನ್ನೂ ಕಥೆ ನಡೆಯುವ ಸ್ಥಳ ಆಸ್ಟ್ರಿಯಾದ ಸ್ಟೈರಿಯಾ. ಲೆ ಫಾನುವಿನ 'ಕಾರ್ಮಿಲಾ' ನಡೆಯುವುದೂ ಅಲ್ಲಿಯೇ. ಕೌಂಟನ ಹೆಸರು ವ್ಯಾಂಪೈರ್, ಅಂದರೆ ಬರಿಯ ರಕ್ತಪಿಶಾಚಿ.

ಆ ಬೇಸಿಗೆಯಲ್ಲಿ ಸ್ಟೋಕರ್ ರಜೆ ಕಳೆಯಲು ಇಂಗ್ಲೆಂಡಿನ ಪೂರ್ವ ಕರಾವಳಿಯ ವಿಟ್ಬಿ ಎಂಬ ಮೀನುಗಾರರ ಊರಿಗೆ ಹೋದ. ಗುಡ್ಡದ ಮೇಲೆ ಪಾಳುಬಿದ್ದ ಕ್ರೈಸ್ತ ಮಠ, ಅದರ ಪಕ್ಕದಲ್ಲಿ ಚರ್ಚಿನ ಸ್ಮಶಾನ, ಅಲ್ಲಿಗೆ ಹತ್ತಲು 199 ಮೆಟ್ಟಿಲುಗಳು. ಸ್ಟೋಕರ್ ಸಮಾಧಿಗಲ್ಲುಗಳ ಮೇಲಿನ ಹೆಸರುಗಳನ್ನು ಬರೆದುಕೊಂಡ. ಅವುಗಳಲ್ಲೊಂದಾದ ಸ್ವೇಲ್ಸ್ ಎಂಬ ಹೆಸರು ಕಾದಂಬರಿಯ ಮುದಿ ನಾವಿಕನಿಗೆ ದೊರೆಯಿತು. ಕರಾವಳಿ ಕಾವಲಿನವರನ್ನು ಮಾತನಾಡಿಸಿ, 1885ರಲ್ಲಿ ನಾರ್ವಾ ಬಂದರಿನ ದ್ಮಿತ್ರಿ ಎಂಬ ರಷ್ಯನ್ ಹಡಗು ಬಿರುಗಾಳಿಗೆ ಸಿಲುಕಿ ವಿಟ್ಬಿಯ ದಡಕ್ಕೆ ಅಪ್ಪಳಿಸಿದ ವೃತ್ತಾಂತವನ್ನು ಕೇಳಿ ತಿಳಿದ. ಕಾದಂಬರಿಯಲ್ಲಿ ಅದೇ ವಾರ್ನಾ ಬಂದರಿನಿಂದ ಹೊರಟು ಬರುವ ಡಿಮೀಟರ್ ಹಡಗಾಯಿತು.

ವಿಟ್ಬಿಯ ಗ್ರಂಥಾಲಯದಲ್ಲಿ ಆತನ ಕೈಗೆ ವಿಲಿಯಂ ವಿಲ್ಕಿನ್ಸನ್ ಎಂಬ ರಾಜತಾಂತ್ರಿಕ 1820ರಲ್ಲಿ ಪ್ರಕಟಿಸಿದ ಪುಸ್ತಕವೊಂದು ಸಿಕ್ಕಿತು. ವಲೇಕಿಯಾ, ಮಾಲ್ಡೇವಿಯಾ ಎಂಬ ಸಂಸ್ಥಾನಗಳ ವಿವರಣೆ ಅದು. ಅದರಲ್ಲಿ ತುರ್ಕರ ವಿರುದ್ಧ ಕಾದಿದ ಡ್ರಾಕುಲಾ ಎಂಬ ದೊರೆಯ ಪ್ರಸ್ತಾಪವಿತ್ತು. ವಲೇಕಿಯಾದ ಭಾಷೆಯಲ್ಲಿ ಆ ಶಬ್ದಕ್ಕೆ ಪಿಶಾಚವೆಂಬ ಅರ್ಥವಿದೆಯೆಂದೂ, ಶೌರ್ಯ, ಕ್ರೌರ್ಯ ಅಥವಾ ಕಪಟದಿಂದ ಹೆಸರಾದವರನ್ನು ಜನ ಹಾಗೆ ಕರೆಯುತ್ತಿದ್ದರೆಂದೂ ಅಡಿಟಿಪ್ಪಣಿಯಲ್ಲಿ ಬರೆದಿತ್ತು. ಸ್ಟೋಕರ್ ಅದನ್ನು ನಕಲು ಮಾಡಿಕೊಂಡ. ಮುಂದೆ ತನ್ನ ಪಾತ್ರಗಳ ಪಟ್ಟಿಯಲ್ಲಿ ವ್ಯಾಂಪೈರ್ ಎಂಬುದನ್ನು ಹೊಡೆದುಹಾಕಿ ಡ್ರಾಕುಲಾ ಎಂದು ಬರೆದ.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕು. ಶತ್ರುಗಳನ್ನು ಶೂಲಕ್ಕೇರಿಸುತ್ತಿದ್ದ ಹದಿನೈದನೆಯ ಶತಮಾನದ ವಲೇಕಿಯಾದ ದೊರೆ ಮೂರನೆಯ ವ್ಲಾಡ್‌ನ ಜೀವನವನ್ನು ಆಳವಾಗಿ ಅಧ್ಯಯನ ಮಾಡಿ ಸ್ಟೋಕರ್ ಡ್ರಾಕುಲಾನನ್ನು ರೂಪಿಸಿದನೆಂದು ಬಹಳ ಮಂದಿ ನಂಬಿದ್ದಾರೆ. ಆದರೆ ಉಳಿದಿರುವ ಟಿಪ್ಪಣಿಗಳಲ್ಲಿ ವ್ಲಾಡ್ ಎಂಬ ಹೆಸರಾಗಲಿ ಶೂಲದ ವಿಷಯವಾಗಲಿ ಎಲ್ಲಿಯೂ ಇಲ್ಲ. ಸ್ಟೋಕರನಿಗೆ ಬೇಕಾಗಿದ್ದದ್ದು ಒಂದು ಹೆಸರು, ಚೂರುಪಾರು ಇತಿಹಾಸ. ಟ್ರಾನ್ಸಿಲ್ವೇನಿಯಾಕ್ಕೂ ಆತ ಒಮ್ಮೆಯೂ ಹೋಗಲಿಲ್ಲ. ಅಲ್ಲಿನ ಮೂಢನಂಬಿಕೆಗಳನ್ನು ಕುರಿತು ಎಮಿಲಿ ಜೆರಾರ್ಡ್ 1885ರಲ್ಲಿ ಬರೆದಿದ್ದ ಲೇಖನವನ್ನೂ ಪ್ರವಾಸಕಥನಗಳನ್ನೂ ಭೂಪಟಗಳನ್ನೂ ಓದಿಯೇ ಕಾರ್ಪೇಥಿಯನ್ ಪರ್ವತಗಳ ದಾರಿಯನ್ನು ಕಟ್ಟಿದ.

ಉಳಿದದ್ದು ಗುಮಾಸ್ತನ ಕೆಲಸ. ಟಿಪ್ಪಣಿಗಳಲ್ಲಿ ರೈಲಿನ ವೇಳಾಪಟ್ಟಿಗಳಿವೆ, 1893ರ ಪಂಚಾಂಗಕ್ಕೆ ಹೊಂದುವಂತೆ ದಿನದಿನದ ಘಟನೆಗಳ ಕೋಷ್ಟಕಗಳಿವೆ. ತಲೆಗೆ ಪೆಟ್ಟುಬಿದ್ದವನಿಗೆ ಏನಾಗುತ್ತದೆಂಬುದನ್ನು ಹೆಸರಾಂತ ಶಸ್ತ್ರವೈದ್ಯನಾಗಿದ್ದ ಅಣ್ಣ ವಿಲಿಯಂ ಥಾರ್ನ್ಲಿ ಚಿತ್ರಸಹಿತ ಬರೆದುಕೊಟ್ಟ ಹಾಳೆಯಿದೆ. ಕಾದಂಬರಿ ದಿನಚರಿ, ಪತ್ರ, ತಂತಿ ಸಂದೇಶ, ಪತ್ರಿಕಾ ವರದಿಗಳ ರೂಪದಲ್ಲೇ ಸಾಗುತ್ತದೆ. ರಕ್ತಪಿಶಾಚಿಯನ್ನು ಬೇಟೆಯಾಡುವವರ ಕೈಯಲ್ಲಿ ಶಿಲುಬೆ, ಬೆಳ್ಳುಳ್ಳಿಗಳಷ್ಟೇ ಮುಖ್ಯವಾಗಿ ಬೆರಳಚ್ಚು ಯಂತ್ರವೂ ಇದೆ. ಚದುರಿದ ಕಾಗದಗಳನ್ನೆಲ್ಲ ದಿನಾಂಕದ ಪ್ರಕಾರ ಜೋಡಿಸಿದಾಗಲೇ ಶತ್ರುವಿನ ಹಂಚಿಕೆ ಬಯಲಾಗುವುದು. ಜೀವನವಿಡೀ ಕಾಗದ ಜೋಡಿಸಿದವನಿಗಷ್ಟೇ ಹೊಳೆಯಬಹುದಾದ ತಂತ್ರವಿದು.

ನಾಟಕದ ಋತುಗಳ ನಡುವೆ ಸಿಕ್ಕ ಬಿಡುವಿನಲ್ಲಿ, ಬಹುಪಾಲು ಸ್ಕಾಟ್ಲೆಂಡಿನ ಕ್ರುಡನ್ ಬೇ ಕಡಲತೀರದಲ್ಲಿ ಕುಳಿತು, ಸ್ಟೋಕರ್ ಬರೆಯುತ್ತಾ ಹೋದ. ಅಲ್ಲಿಗೆ ಸಮೀಪದಲ್ಲೇ ಬಂಡೆಯಂಚಿನ ಸ್ಲೇನ್ಸ್ ಕೋಟೆಯಿತ್ತು. ಕೊನೆಯ ಗಳಿಗೆಯವರೆಗೂ ಹಸ್ತಪ್ರತಿಯ ಮೇಲಿದ್ದ ಶೀರ್ಷಿಕೆ ಬೇರೆ, ಸತ್ತೂ ಸಾಯದವರು ಎಂಬರ್ಥದ್ದು.

ಪುಸ್ತಕ ಬಂತು, ಐಶ್ವರ್ಯ ಬರಲಿಲ್ಲ

1897ರ ಮೇ 18ರ ಬೆಳಿಗ್ಗೆ ಲೈಸಿಯಂನಲ್ಲಿ ಒಂದು ವಿಚಿತ್ರ ಪ್ರದರ್ಶನ ನಡೆಯಿತು. ಕಾದಂಬರಿಯನ್ನು ಅವಸರದಿಂದ ನಾಟಕಕ್ಕೆ ಇಳಿಸಿ ನಟರಿಂದ ಓದಿಸಲಾಯಿತು. ಓದು ನಾಲ್ಕು ಗಂಟೆಗೂ ಮಿಕ್ಕಿ ಸಾಗಿತು. ಉದ್ದೇಶ ಜನರನ್ನು ರಂಜಿಸುವುದಲ್ಲ, ರಂಗಪ್ರಯೋಗದ ಹಕ್ಕನ್ನು ಕಾನೂನಿನ ಪ್ರಕಾರ ಕಾಯ್ದಿರಿಸಿಕೊಳ್ಳುವುದು. 1890ರಲ್ಲಿ ಬ್ಯಾರಿಸ್ಟರ್ ಪದವಿಯನ್ನೂ ಪಡೆದಿದ್ದ ಸ್ಟೋಕರನಿಗೆ ಈ ಮುಂದಾಲೋಚನೆ ಸಹಜ. ಇರ್ವಿಂಗ್ ಅದರಲ್ಲಿ ಪಾತ್ರ ವಹಿಸಲಿಲ್ಲ. ಮುಂದೆಂದೂ ಡ್ರಾಕುಲಾನನ್ನು ಆಡಲೂ ಇಲ್ಲ.

ಮೇ 26ರಂದು ಆರ್ಚಿಬಾಲ್ಡ್ ಕಾನ್‌ಸ್ಟೆಬಲ್ ಪ್ರಕಾಶನದಿಂದ ಹಳದಿ ರಟ್ಟಿನ ಪುಸ್ತಕ ಹೊರಬಂತು. ಬೆಲೆ ಆರು ಷಿಲಿಂಗ್. ಗೆಳೆಯ, ಕಾದಂಬರಿಕಾರ ಹಾಲ್ ಕೇನ್‌ಗೆ ಅರ್ಪಣೆ. ವಿಮರ್ಶೆಗಳು ಮೆಚ್ಚುಗೆ, ಆಕ್ಷೇಪಗಳ ಮಿಶ್ರಣವಾಗಿದ್ದವು. ಷರ್ಲಾಕ್ ಹೋಮ್ಸ್‌ನ ಕರ್ತೃ ಕಾನನ್ ಡಾಯ್ಲ್ ಮೆಚ್ಚಿ ಪತ್ರ ಬರೆದ. ಎಲ್ಲರಿಗಿಂತ ಸರಿಯಾಗಿ ಭವಿಷ್ಯ ಕಂಡವಳು ತಾಯಿ ಷಾರ್ಲಟ್. ಈ ಪುಸ್ತಕ ಮಗನಿಗೆ ದೊಡ್ಡ ಹೆಸರು ತರುವುದೆಂದು ಆಕೆ ನಂಬಿದ್ದಳು. ಆದರೆ ಸ್ಟೋಕರ್ ಬದುಕಿರುವಷ್ಟು ದಿನ ಡ್ರಾಕುಲಾದಿಂದ ದೊಡ್ಡ ಹಣವಾಗಲಿ ಹೆಸರಾಗಲಿ ಬರಲಿಲ್ಲ. ಬ್ರಿಟನ್ನಿನಲ್ಲಿ ಅಷ್ಟು ಎಚ್ಚರದಿಂದ ಹಕ್ಕು ಕಾಯ್ದುಕೊಂಡಿದ್ದರೂ, ಅಮೆರಿಕದಲ್ಲಿ ಗ್ರಂಥಸ್ವಾಮ್ಯದ ವಿಧಿಗಳು ಸರಿಯಾಗಿ ಪೂರ್ಣಗೊಳ್ಳದೆ ಅಲ್ಲಿ ಕೃತಿಗೆ ರಕ್ಷಣೆಯೇ ಇಲ್ಲದಂತಾಯಿತು. ನಿಯಮಗಳ ಪುಸ್ತಕ ಬರೆದವನೇ ನಿಯಮದ ಲೋಪಕ್ಕೆ ಬೆಲೆ ತೆತ್ತ.

1898ರಿಂದ ಲೈಸಿಯಂನ ಅದೃಷ್ಟ ಕುಸಿಯಿತು. ಆ ವರ್ಷದ ಫೆಬ್ರುವರಿಯಲ್ಲಿ ರಂಗಸಜ್ಜಿಕೆಯ ಉಗ್ರಾಣಕ್ಕೆ ಬೆಂಕಿ ಬಿದ್ದು, ಇಪ್ಪತ್ತು ವರ್ಷ ಕೂಡಿಟ್ಟ ಪರದೆಗಳೂ ಸಾಮಗ್ರಿಗಳೂ ಬೂದಿಯಾದವು. ವಿಮೆಯ ಮೊತ್ತವನ್ನು ಖರ್ಚು ಉಳಿಸಲೆಂದು ಇರ್ವಿಂಗ್ ಮೊದಲೇ ತಗ್ಗಿಸಿಬಿಟ್ಟಿದ್ದ. ಅದೇ ವರ್ಷ ಆತನ ಆರೋಗ್ಯವೂ ಕೆಟ್ಟಿತು. ಮರುವರ್ಷ ರಂಗಮಂದಿರ ಕಂಪನಿಯೊಂದರ ಪಾಲಾಯಿತು. 1905ರ ಅಕ್ಟೋಬರ್ 13ರಂದು ಬ್ರಾಡ್‌ಫರ್ಡ್‌ನಲ್ಲಿ ನಾಟಕ ಮುಗಿಸಿ ವಸತಿಗೃಹಕ್ಕೆ ಮರಳಿದ ಇರ್ವಿಂಗ್ ಅಲ್ಲೇ ಪ್ರಾಣಬಿಟ್ಟ. ಇಂಗ್ಲೆಂಡಿನಲ್ಲಿ ಸರ್ ಪದವಿ ಪಡೆದ ಮೊದಲ ನಟನಾಗಿದ್ದ ಆತನಿಗೆ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಸಮಾಧಿ ದೊರೆಯಿತು.

ಒಡೆಯನನ್ನು ಕಳೆದುಕೊಂಡ ಸ್ಟೋಕರನಿಗೆ ಮರುವರ್ಷವೇ ಪಾರ್ಶ್ವವಾಯು ಬಡಿಯಿತು. ಆದರೂ ಅದೇ 1906ರಲ್ಲಿ ಇರ್ವಿಂಗನ ನೆನಪುಗಳ ಎರಡು ಸಂಪುಟಗಳನ್ನು ಹೊರತಂದ. ಹೊಟ್ಟೆಪಾಡಿಗಾಗಿ ಕಾದಂಬರಿಗಳನ್ನು ಬರೆದ. 1911ರಲ್ಲಿ, ಅರವತ್ಮೂರರ ಪ್ರಾಯದಲ್ಲಿ, ರಾಯಲ್ ಲಿಟರರಿ ಫಂಡ್‌ಗೆ ನೆರವು ಕೋರಿ ಅರ್ಜಿ ಹಾಕಬೇಕಾಯಿತು. 1912ರ ಏಪ್ರಿಲ್ 20ರಂದು ಲಂಡನ್ನಿನಲ್ಲಿ ತೀರಿಕೊಂಡ. ಟೈಟಾನಿಕ್ ಮುಳುಗಿ ಐದೇ ದಿನಗಳಾಗಿದ್ದವು, ಪತ್ರಿಕೆಗಳ ತುಂಬಾ ಆ ದುರಂತದ ಸುದ್ದಿಯೇ. 'ದಿ ಟೈಮ್ಸ್' ಪತ್ರಿಕೆ ಬರೆದ ಶ್ರದ್ಧಾಂಜಲಿ, ಆತ ಮುಖ್ಯವಾಗಿ ಇರ್ವಿಂಗನ ಒಡನಾಡಿಯಾಗಿ ನೆನಪಿನಲ್ಲಿ ಉಳಿಯುವನೆಂದು ಭಾವಿಸಿತ್ತು.

ವಿಧವೆಯ ಹೋರಾಟ

ಸ್ಟೋಕರನ ನಂತರ ಡ್ರಾಕುಲಾನನ್ನು ಕಾದವಳು ಫ್ಲಾರೆನ್ಸ್. 1922ರಲ್ಲಿ ಜರ್ಮನಿಯ ಪ್ರಾನಾ ಸಂಸ್ಥೆ ಅನುಮತಿಯಿಲ್ಲದೆ, ಹೆಸರುಗಳನ್ನಷ್ಟೇ ಬದಲಿಸಿ, 'ನೊಸ್ಫೆರಾಟು' ಎಂಬ ಮೂಕಿ ಚಿತ್ರ ತೆಗೆಯಿತು. ಪುಸ್ತಕದ ಸಣ್ಣ ಆದಾಯವನ್ನೇ ನೆಚ್ಚಿದ್ದ ಫ್ಲಾರೆನ್ಸ್ ನ್ಯಾಯಾಲಯಕ್ಕೆ ಹೋದಳು. ಕಂಪನಿ ದಿವಾಳಿಯೆದ್ದದ್ದರಿಂದ ಹಣ ಸಿಗಲಿಲ್ಲ. 1925ರಲ್ಲಿ ಚಿತ್ರದ ಪ್ರತಿಗಳನ್ನೆಲ್ಲ ನಾಶಮಾಡಬೇಕೆಂದು ನ್ಯಾಯಾಲಯ ಆದೇಶಿಸಿತು. ಕೆಲವು ಪ್ರತಿಗಳು ಹೇಗೋ ಉಳಿದುಕೊಂಡವು. ಬಿಸಿಲು ತಾಗಿದರೆ ರಕ್ತಪಿಶಾಚಿ ಸಾಯುತ್ತದೆಂಬ ನಂಬಿಕೆ ಹರಡಿದ್ದು ಆ ಚಿತ್ರದಿಂದ. ಸ್ಟೋಕರನ ಡ್ರಾಕುಲಾ ಹಗಲಿನಲ್ಲಿ ಶಕ್ತಿಗುಂದುತ್ತಾನಾದರೂ ಲಂಡನ್ನಿನ ಬೀದಿಯಲ್ಲಿ ಹಾಡುಹಗಲೇ ಓಡಾಡುತ್ತಾನೆ.

1924ರಲ್ಲಿ ಹ್ಯಾಮಿಲ್ಟನ್ ಡೀನ್ ಬರೆದ ನಾಟಕ, 1931ರಲ್ಲಿ ಬೇಲಾ ಲುಗೋಸಿ ನಟಿಸಿದ ಯೂನಿವರ್ಸಲ್ ಸಂಸ್ಥೆಯ ಚಿತ್ರ, ಇವು ಕೌಂಟನಿಗೆ ಸಂಜೆಯುಡುಪನ್ನೂ ನಿಲುವಂಗಿಯನ್ನೂ ತೊಡಿಸಿ ಜಗತ್ತಿಗೆಲ್ಲ ಪರಿಚಯಿಸಿದವು. ಫ್ಲಾರೆನ್ಸ್ 1937ರಲ್ಲಿ ತೀರಿಕೊಂಡಳು.

ಮೇಜಿನ ಮೇಲೆ ಮತ್ತೆ ಎದ್ದ ಕೌಂಟ್

ಈಗ ಆಟದ ವಿಷಯಕ್ಕೆ ಮರಳೋಣ. 1970ರ ದಶಕದ ಕೊನೆಯಲ್ಲಿ ಟ್ರೇಸಿ ಹಿಕ್‌ಮನ್ ಎಂಬ ಅಮೆರಿಕದ ಯುವಕ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತಿದ್ದಾಗ, ನೆಲಮಾಳಿಗೆಯೊಂದರಲ್ಲಿ ಆತನ ಪಾತ್ರಕ್ಕೆ ರಕ್ತಪಿಶಾಚಿ ಎದುರಾಯಿತು. ಬೇರೆಲ್ಲ ರಾಕ್ಷಸರಂತೆ ಅದೂ ಒಂದು ಕೋಣೆಯಲ್ಲಿ ಸುಮ್ಮನೆ ಕಾದುಕೊಂಡಿತ್ತು. ಇದು ಇಲ್ಲೇಕಿದೆ, ಇದರ ಹಿಂದಿನ ಕಥೆಯೇನು ಎಂಬ ಪ್ರಶ್ನೆ ಆತನನ್ನು ಕಾಡಿತು. ಪತ್ನಿ ಲಾರಾಳೊಡನೆ ಕುಳಿತು ರಕ್ತಪಿಶಾಚಿಗಳ ಸಾಹಿತ್ಯವನ್ನೂ ಜನಪದ ನಂಬಿಕೆಗಳನ್ನೂ ಓದಿ, ಆ ದಂಪತಿ ತಮ್ಮದೇ ಆಟವೊಂದನ್ನು ಹೆಣೆದರು. ಅಕ್ಟೋಬರ್ ಕೊನೆಯ ಹ್ಯಾಲೋವೀನ್ ರಾತ್ರಿ ಗೆಳೆಯರೊಡನೆ ಆಡಿ ಆಡಿ ಅದನ್ನು ತಿದ್ದಿದರು.

ಆಟಕ್ಕೆ ಅವರು ಮೊದಲು ಇಟ್ಟಿದ್ದ ಹೆಸರು 'ವ್ಯಾಂಪೈರ್'. ಆದರೆ ಗೆಳೆಯರು ಮತ್ತೆ ಆಡೋಣವೆಂದು ಕೇಳುವಾಗಲೆಲ್ಲ ಕೋಟೆಯ ಹೆಸರು ಹಿಡಿದು ರೇವನ್‌ಲಾಫ್ಟ್ ಆಟವೆಂದೇ ಕೇಳುತ್ತಿದ್ದರು. ಹಾಗಾಗಿ ಆ ಹೆಸರೇ ನಿಂತಿತು. ಸ್ಟೋಕರನ ಕೌಂಟನೂ ಮೊದಲು ಬರಿಯ ವ್ಯಾಂಪೈರ್ ಆಗಿದ್ದವನೇ ಅಲ್ಲವೇ? ಜಾತಿಯ ಹೆಸರು ಅಳಿದು ಸ್ವಂತ ಹೆಸರು ಬಂದ ಮೇಲೆಯೇ ಎರಡೂ ಜನಮನದಲ್ಲಿ ನೆಲೆಯಾದವು.

ರೇವನ್‌ಲಾಫ್ಟ್‌ನ ಒಡೆಯ ಸ್ಟ್ರಾಡ್ ಡ್ರಾಕುಲಾನ ಕುಲದವನೇ, ಆದರೆ ಆತನಿಗೆ ಹಿಕ್‌ಮನ್ ದಂಪತಿ ಒಂದು ಪಾಪವನ್ನೂ ಕೊಟ್ಟರು. ಯುದ್ಧದಲ್ಲೇ ಯೌವನ ಕಳೆದ ಈ ದೊರೆ ತಮ್ಮನಿಗೆ ನಿಶ್ಚಯವಾಗಿದ್ದ ತತ್ಯಾನಾಳನ್ನು ಮೋಹಿಸುತ್ತಾನೆ. ಮದುವೆಯ ದಿನವೇ ತಮ್ಮನನ್ನು ಕೊಲ್ಲುತ್ತಾನೆ. ಆಕೆ ಕೋಟೆಯ ಮೇಲಿನಿಂದ ಹಾರುತ್ತಾಳೆ. ಅಂದಿನಿಂದ ಸಾವಿಲ್ಲದೆ, ಅವಳದೇ ಮುಖವನ್ನು ಹುಡುಕುತ್ತಾ, ಬರೋವಿಯಾ ಎಂಬ ತನ್ನ ನಾಡಿನ ಮಂಜಿನಲ್ಲೇ ಸೆರೆಯಾಗಿರುತ್ತಾನೆ. ಸ್ಟೋಕರನ ಕಾದಂಬರಿಯಲ್ಲಿ ಎಲ್ಲರ ದಿನಚರಿಯೂ ಇದೆ, ಡ್ರಾಕುಲಾನದು ಮಾತ್ರ ಇಲ್ಲ. ಆತನ ಅಂತರಂಗ ಓದುಗರಿಗೆ ಕಾಣುವುದೇ ಇಲ್ಲ. ಆ ಖಾಲಿ ಜಾಗವನ್ನು ತುಂಬಿದ್ದೇ ಆಟದ ವೈಶಿಷ್ಟ್ಯ.

ತಂತ್ರದಲ್ಲಿಯೂ ಹೊಸತನವಿತ್ತು. ಆಟದಲ್ಲಿ ಬರುವ ಕಣಿ ಹೇಳುವ ಅಲೆಮಾರಿ ಮುದುಕಿ ಎಲೆಗಳನ್ನು ಹರವುತ್ತಾಳೆ. ಬಿದ್ದ ಎಲೆಗಳಿಗೆ ತಕ್ಕಂತೆ ಮಾಂತ್ರಿಕ ವಸ್ತುಗಳು ಇರುವ ಎಡೆ, ಕೌಂಟ್ ಎದುರಾಗುವ ಸ್ಥಳ, ಆತನ ಉದ್ದೇಶ ಎಲ್ಲವೂ ಬದಲಾಗುತ್ತವೆ. ಹೀಗಾಗಿ ಒಮ್ಮೆ ಆಡಿದಂತೆ ಮತ್ತೊಮ್ಮೆ ಆಗುವುದಿಲ್ಲ. ಕೋಟೆಯ ಅಂತಸ್ತುಗಳನ್ನು ಕಣ್ಣಿಗೆ ಕಟ್ಟುವಂತೆ ಮೂರು ಆಯಾಮದಲ್ಲಿ ಬಿಡಿಸಿದ ಡೇವಿಡ್ ಸದರ್ಲೆಂಡ್‌ನ ನಕ್ಷೆಗಳೂ, ಕ್ಲೈಡ್ ಕಾಲ್ಡ್‌ವೆಲ್‌ನ ಮುಖಪುಟವೂ ಹೆಸರು ಗಳಿಸಿದವು. 1990ರಲ್ಲಿ ಒಂದು ಕೋಟೆಯ ಕಥೆ ಹಲವು ಶಾಪಗ್ರಸ್ತ ನಾಡುಗಳ ಲೋಕವಾಗಿ ವಿಸ್ತಾರಗೊಂಡಿತು. ಪ್ರತಿ ನಾಡಿಗೂ ಒಬ್ಬ ಪಾಪಿ ಒಡೆಯ, ಆ ನಾಡೇ ಅವನಿಗೆ ಸೆರೆಮನೆ. 2016ರಲ್ಲಿ ವಿಝರ್ಡ್ಸ್ ಆಫ್ ದಿ ಕೋಸ್ಟ್ ಸಂಸ್ಥೆ ಹಿಕ್‌ಮನ್ ದಂಪತಿಯ ಸಲಹೆ ಪಡೆದು ಅದೇ ಮೂಲ ಕಥೆಯನ್ನು 'ಕರ್ಸ್ ಆಫ್ ಸ್ಟ್ರಾಡ್' ಎಂಬ ಹೆಸರಿನಲ್ಲಿ ಮರಳಿ ತಂದಿತು.

ಎರಡು ಪೌಂಡಿಗೆ ಹರಾಜಾದ ಆ ಟಿಪ್ಪಣಿಗಳು ಕೈಯಿಂದ ಕೈಗೆ ಸಾಗಿ ಫಿಲಡೆಲ್ಫಿಯಾದ ರೋಸೆನ್‌ಬಾಕ್ ಸಂಗ್ರಹಾಲಯವನ್ನು ಸೇರಿ, ವಿದ್ವಾಂಸರ ಅಧ್ಯಯನಕ್ಕೆ ಆಕರವಾಗಿವೆ. 1890ರ ಡಿಸೆಂಬರಿನಲ್ಲಿ ಡಬ್ಲಿನ್ನಿನ ಪತ್ರಿಕೆಯೊಂದರ ಕ್ರಿಸ್‌ಮಸ್ ಪುರವಣಿಯಲ್ಲಿ ಅಚ್ಚಾಗಿ ಮರೆತುಹೋಗಿದ್ದ 'ಗಿಬೆಟ್ ಹಿಲ್' ಎಂಬ ಸ್ಟೋಕರನ ಕಥೆಯೊಂದು ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ದೊರೆತ ಸುದ್ದಿ 2024ರಲ್ಲಿ ಜಗತ್ತಿನಾದ್ಯಂತ ಪತ್ರಿಕೆಗಳಲ್ಲಿ ಪ್ರಕಟವಾಯಿತು.

ಲಂಡನ್ನಿನ ಚೇರಿಂಗ್ ಕ್ರಾಸ್ ರಸ್ತೆಯಲ್ಲಿ ಹೆನ್ರಿ ಇರ್ವಿಂಗನ ಪ್ರತಿಮೆಯಿದೆ. ಆತನ ಅಭಿನಯವನ್ನು ಕಂಡವರು ಈಗ ಯಾರೂ ಉಳಿದಿಲ್ಲ. ರಂಗಭೂಮಿಯ ಇತಿಹಾಸ ಬಲ್ಲವರನ್ನು ಬಿಟ್ಟರೆ ಉಳಿದವರಿಗೆ ಆತ ಪರಿಚಿತನಾಗಿರುವುದು ಡ್ರಾಕುಲಾನನ್ನು ಬರೆದ ಬ್ರಾಮ್ ಸ್ಟೋಕರನಿಗೆ ಕೆಲಸ ಕೊಟ್ಟವನೆಂದು.